ರೋಗಲಕ್ಷಣವೇ, ನುಡಿಯೇ?: ಸೌಂದರ್ಯ ಅಭಿನಯದ ನಾಗಿ ಮತ್ತು ನಾಗವಲ್ಲಿ

ಕನ್ನಡ ಚಲನಚಿತ್ರಗಳನ್ನು ಕುರಿತು ಸಾಹಿತ್ಯ ವಿಭಾಗಗಳಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಕಾದಂಬರಿ ಆಧಾರಿತ ಚಿತ್ರಗಳ ಸುತ್ತಲೇ ಸುಳಿದಿವೆ. ಕಾದಂಬರಿಯಲ್ಲಿ ಇದ್ದದ್ದೇನು, ತೆರೆಯ ಮೇಲೆ ಉಳಿದದ್ದೇನು, ಬಿಟ್ಟುಹೋದದ್ದೇನು ಎಂಬ ತೌಲನಿಕ ಲೆಕ್ಕಾಚಾರವೇ ಅಲ್ಲಿ ಮುಖ್ಯವಾಗಿದೆ. ಈ ಲೆಕ್ಕಕ್ಕೆ ಸಿಗದ ದೆವ್ವದ ಚಿತ್ರಗಳು ‘ಜನಪ್ರಿಯ’ ಎಂಬ ಹಣೆಪಟ್ಟಿ ಹೊತ್ತು ಹೊರಗುಳಿದಿವೆ. ಹಾಗಾಗಿ ಒಬ್ಬಳೇ ನಟಿ ಎರಡು ವರ್ಷಗಳ ಅಂತರದಲ್ಲಿ ಈ ಗೆರೆಯ ಎರಡೂ ಬದಿಗಳಲ್ಲಿ ನಿಂತದ್ದು ನಮ್ಮ ಚರ್ಚೆಗೆ ಅಷ್ಟಾಗಿ ಬಂದಿಲ್ಲ. ಸೌಂದರ್ಯ 2002ರಲ್ಲಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ತಾವೇ ನಿರ್ಮಿಸಿ ಅದರಲ್ಲಿ ನಾಗಿಯಾದರು, ಆ ಚಿತ್ರ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ದಲ್ಲಿ ಅವರು ಗಂಗೆಯೂ ಆದರು, ನಾಗವಲ್ಲಿಯೂ ಆದರು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ ಅವರು ತೀರಿಕೊಂಡ ಬಳಿಕ, ಅದೇ ವರ್ಷದ ಆಗಸ್ಟಿನಲ್ಲಿ ‘ಆಪ್ತಮಿತ್ರ’ ತೆರೆಕಂಡಿತು.

ಈ ಎರಡು ಪಾತ್ರಗಳನ್ನು ಒಟ್ಟಿಗಿಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ. ಓದಿನ ಹಿಂದಿರುವ ಪ್ರಶ್ನೆ ಸರಳವಾದದ್ದು: ಮೈಮರೆತ ಹೆಣ್ಣು ಆಡುವ ಮಾತನ್ನು ಚಿತ್ರ ಏನೆಂದು ಪರಿಗಣಿಸುತ್ತದೆ? ಉತ್ತರ ಕೊಡಬೇಕಾದ ನುಡಿಯೆಂದೋ, ವಾಸಿ ಮಾಡಬೇಕಾದ ರೋಗಲಕ್ಷಣವೆಂದೋ? ಮಂಗಳೂರಿನ ಪರಿಸರದಲ್ಲಿ, ಅಂದರೆ ಮೈಮೇಲೆ ಬರುವುದಕ್ಕೆ ಒಂದು ಸಾಮಾಜಿಕ ಸ್ಥಾನವಿರುವ ತುಳುನಾಡಿನಲ್ಲಿ ಕುಳಿತು ಕೇಳುವಾಗ ಈ ಪ್ರಶ್ನೆಗೆ ಬೇರೆಯೇ ತೂಕ ಒದಗುತ್ತದೆ.

1

ಸೌಂದರ್ಯರ ಪಾತ್ರಗಳಿಗೆ ಮೊದಲು ಅವುಗಳ ಪೂರ್ವಜೆಯನ್ನು ನೋಡಬೇಕು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ (1971) ಕನ್ನಡದ ಮೆಲೊಡ್ರಾಮಕ್ಕೆ ಹುಚ್ಚಿನ ವ್ಯಾಕರಣವನ್ನು ಕೊಟ್ಟ ಚಿತ್ರ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಕಲ್ಪನಾ ಅದರಲ್ಲಿ ಕಾವೇರಿಯಾಗಿದ್ದರು. ‘ಬೆಳ್ಳಿಮೋಡ’ದ ಇಂದಿರೆ, ‘ಗೆಜ್ಜೆಪೂಜೆ’ಯ ಚಂದ್ರೆ ಇವರ ಸಾಲಿನಲ್ಲಿ ಕಾವೇರಿಯನ್ನು ನಿಲ್ಲಿಸುವ ವಾಡಿಕೆ ಇದೆ, ಮೂವರೂ ಮೋಸ ಹೋದವರೆಂಬ ಕಾರಣಕ್ಕೆ. ಆದರೆ ಇಂದಿರೆಗೆ ನಿರಾಕರಿಸುವ ಅವಕಾಶವಿತ್ತು, ಚಂದ್ರೆಗೆ ಸಾವನ್ನಾದರೂ ಆರಿಸಿಕೊಳ್ಳುವ ಅವಕಾಶವಿತ್ತು. ಕಾವೇರಿಯ ಸಂಕಟ ಬೇರೆ ಜಾತಿಯದು.

ಬಾಣಂತನದ ಹೊತ್ತಿನ ಅಸ್ವಸ್ಥತೆಯಲ್ಲಿ ಕಾವೇರಿಯ ಮದುವೆಯ ಹಿಂದಿನ ಬದುಕಿನ ಪ್ರಸಂಗವೊಂದು ಮೇಲೆದ್ದು ಬರುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದ ಮೇಲೆ ಅವಳಿಗೆ ಕಾಣುವುದು ದೂರ ಸರಿದ ಗಂಡ, ಆತನಿಗೆ ಇನ್ನೊಬ್ಬಳೊಂದಿಗಿರುವ ಸಂಬಂಧ, ‘ಹುಚ್ಚಿ’ ಎಂದು ಬೆನ್ನ ಹಿಂದೆ ಆಡಿಕೊಳ್ಳುವ ಲೋಕ. ಇಲ್ಲಿರುವ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಾಗಿದೆ. ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಹೊರಬಿದ್ದದ್ದನ್ನು ಲೋಕ ಸತ್ಯವೆಂದು ನಂಬಿ ಅವಳ ವಿರುದ್ಧವೇ ಸಾಕ್ಷಿಯಾಗಿ ಬಳಸುತ್ತದೆ. ಸ್ಥಿಮಿತ ಮರಳಿದ ಮೇಲೆ ಆಡಿದ ನಿಜವನ್ನು ಹುಚ್ಚಿನ ಶೇಷವೆಂದು ತಳ್ಳಿಹಾಕುತ್ತದೆ. ಕಾವೇರಿಯ ಮಾತು ಅವಳಿಗೆ ಪ್ರತಿಕೂಲವಾದಾಗ ಮಾತ್ರ ಮಾತು. ಚಿತ್ರದ ಕೊನೆಗೆ ಅವಳು ಮತ್ತೆ ಆಸ್ಪತ್ರೆಗೆ ಹೋಗುವುದನ್ನು ಕಾಯಿಲೆ ಮರುಕಳಿಸಿದ್ದೆಂದು ವಿವರಿಸುವುದು ವೈದ್ಯಕೀಯವಾಗಿ ಸರಿಯಿರಬಹುದು. ಕಥನದ ದೃಷ್ಟಿಯಿಂದ ನೋಡಿದರೆ, ಕೇಳುವ ಕಿವಿ ಇಲ್ಲದ ಮನೆಯಿಂದ ಕೇಳುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗೆ ಅವಳು ಮರಳುತ್ತಾಳೆ. ಮನಃಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಈ ಸಂದಿಗ್ಧವನ್ನು ಬಲ್ಲವರಾಗಿದ್ದರು. ಕಲ್ಪನಾ ಅಭಿನಯದ ‘ಅತಿ’ಯನ್ನು ವಿಮರ್ಶಕರು ಆಗಾಗ ಆಕ್ಷೇಪಿಸಿದ್ದುಂಟು. ಮೆಲ್ಲನೆ ಆಡಿದ ಮಾತು ಯಾರ ಕಿವಿಗೂ ಬೀಳದ ಮನೆಯಲ್ಲಿ ದನಿ ಏರುವುದು ಶೈಲಿಯ ದೋಷವೆಂದು ಈ ಲೇಖಕಿಗೆ ಅನ್ನಿಸುವುದಿಲ್ಲ.

ಗಂಡಸಿನ ಮೈಮೇಲೆ ಬಂದರೆ ಏನಾಗುತ್ತದೆಂಬುದಕ್ಕೂ ಕನ್ನಡದಲ್ಲಿ ಒಂದು ಮಾದರಿ ಇದೆ. ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ಅನಂತನಾಗ್ ಪಾತ್ರದ ದೇಹವನ್ನು ಕಾಮಿನಿಯ ಪ್ರೇತ ಹಿಡಿಯುತ್ತದೆ. ಅಲ್ಲಿ ಪ್ರೇತ ನಿಜ, ಗಂಡ ನಿರ್ದೋಷಿ, ಲಕ್ಷ್ಮಿಯವರು ಅಭಿನಯಿಸಿದ ಹೆಂಡತಿಯ ರಾಘವೇಂದ್ರ ಭಕ್ತಿಯೇ ಬಿಡುಗಡೆಯ ದಾರಿ. ಗಂಡಸಿನ ಬಾಯಿಂದ ಬಂದ ಅಪರಿಚಿತ ಮಾತು ಅವನದೆಂದು ಯಾರೂ ಎಣಿಸುವುದಿಲ್ಲ. ಅವನ ಬಾಲ್ಯವನ್ನು, ಗತವನ್ನು ಯಾರೂ ಕೆದಕುವುದಿಲ್ಲ. ಗಂಡಿಗೆ ದೆವ್ವ, ಹೆಣ್ಣಿಗೆ ಮನೋರೋಗ ಎಂಬ ಈ ಹಂಚಿಕೆ ಎಲ್ಲ ಚಿತ್ರಗಳಿಗೂ ಅನ್ವಯಿಸುವ ಸೂತ್ರವಲ್ಲ. ಆದರೂ ಹೆಸರಾದ ಈ ಚಿತ್ರಗಳಲ್ಲಿ ಅದು ಕಣ್ಣಿಗೆ ಹೊಡೆಯುವಂತಿದೆ.

2

ನಾ. ಡಿಸೋಜ ಅವರ ಕಾದಂಬರಿ ಆಧಾರಿತ ‘ದ್ವೀಪ’ದಲ್ಲಿ ದೆವ್ವವೂ ಇಲ್ಲ, ಹುಚ್ಚೂ ಇಲ್ಲ. ಅಣೆಕಟ್ಟಿನ ನೀರು ಏರುತ್ತಿರುವ ಸೀತಾಪರ್ವತದಲ್ಲಿ ಮಾವ ದುಗ್ಗಜ್ಜ, ಗಂಡ ಗಣಪ ಇವರ ಜೊತೆ ನಾಗಿ ಉಳಿಯುತ್ತಾಳೆ. ಮಳೆಗೂ ನೀರಿಗೂ ಎದುರಾಗಿ ಸಂಸಾರವನ್ನು ಹಿಡಿದು ನಿಲ್ಲಿಸುವವಳು ಅವಳೇ. ಚಿತ್ರದ ಕೊನೆಯಲ್ಲಿ ಗಣಪ ಅದೆಲ್ಲವನ್ನೂ ದೇವರ ಕೃಪೆಯ ಖಾತೆಗೆ ಬರೆದುಬಿಡುತ್ತಾನೆ. ನಾಗಿಯ ಮುಖದ ಮೇಲೆ ಆಗ ಸೌಂದರ್ಯ ತಂದಿರುವ ಮೌನ ಕಾವೇರಿಯ ಚೀತ್ಕಾರದಷ್ಟೇ ಭಾರವಾದದ್ದು. ಇಲ್ಲಿ ಮಾತು ತಿರಸ್ಕೃತವಾಗುವುದೂ ಇಲ್ಲ. ಅದರ ಕರ್ತೃತ್ವವೇ ಬೇರೆಯವರ ಹೆಸರಿಗೆ ವರ್ಗವಾಗುತ್ತದೆ.

ಈ ಮೌನದ ಬೆನ್ನಲ್ಲೇ ‘ಆಪ್ತಮಿತ್ರ’ ಬರುತ್ತದೆ. (‘ದ್ವೀಪ’ದ ಗಣಪನಾಗಿದ್ದ ಅವಿನಾಶ್ ಇಲ್ಲಿ ಮಂತ್ರಶಾಸ್ತ್ರ ಬಲ್ಲ ಆಚಾರ್ಯ, ಹೆಣ್ಣಿನ ಶಕ್ತಿಯನ್ನು ಅಲೌಕಿಕಕ್ಕೆ ಒಪ್ಪಿಸುವ ಕೆಲಸ ಎರಡೂ ಕಡೆ ಅವರ ಪಾಲಿಗೇ ಬಂದಿರುವುದು ಕಾಕತಾಳೀಯ.) ಮೂಲದಲ್ಲಿ ಇದು ಮಧು ಮುಟ್ಟಂ ಬರೆದು ಫಾಜಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ (1993) ಎಂಬ ಮಲಯಾಳಂ ಚಿತ್ರದ ಕಥೆ. ಹಳೆಯ ಬಂಗಲೆ, ಬೀಗ ಹಾಕಿದ ಕೋಣೆ, ರಾಜನೊಬ್ಬ ಬಲವಂತದಿಂದ ತಂದಿರಿಸಿಕೊಂಡ ನರ್ತಕಿ, ಅವಳ ಪ್ರಿಯಕರನ ಕೊಲೆ, ದುರ್ಗಾಷ್ಟಮಿಯ ದಿನ ಅವಳ ಕೊಲೆ, ಇವಿಷ್ಟು ಆ ಮನೆಯ ಐತಿಹ್ಯ. ಕೋಣೆಯ ಬೀಗ ತೆಗೆಸುವ ಗಂಗೆ ಕ್ರಮೇಣ ನಾಗವಲ್ಲಿಯಾಗುತ್ತಾಳೆ. ವಿಷ್ಣುವರ್ಧನ್ ಅಭಿನಯದ ಮನೋವೈದ್ಯ ವಿಜಯ್ ಅದನ್ನು ಇಬ್ಬಗೆಯ ವ್ಯಕ್ತಿತ್ವವೆಂದು ಗುರುತಿಸುತ್ತಾನೆ.

ಚಿತ್ರ ನೋಡಿದವರೆಲ್ಲರ ನೆನಪಿನಲ್ಲಿ ಉಳಿದಿರುವ ದೃಶ್ಯ ಒಂದಿದೆ. ಗಂಗೆ ಹೊರಗೆ ಹೊರಟು ನಿಂತಿದ್ದಾಳೆ. ರಮೇಶ್ ಅರವಿಂದ್ ಅಭಿನಯದ ಗಂಡ ಹೋಗಬೇಡವೆನ್ನುತ್ತಾನೆ. ಮೊದಲು ಸೋಜಿಗ, ಆಮೇಲೆ ಮುನಿಸು, ಅನಂತರ ಕಣ್ಣುಗಳಲ್ಲಿ ಬೇರೊಬ್ಬಳು. ಮಂಚವನ್ನೇ ಎತ್ತಿ ನಿಲ್ಲಿಸುವ ಬಲ. ವೈದ್ಯನ ಸೂಚನೆಯಂತೆಯೇ ಗಂಡ ತಡೆದದ್ದು. ಅಂದರೆ ರೋಗವನ್ನು ಹೊರಗೆಳೆಯಲು ಮಾಡಿದ ಪರೀಕ್ಷೆ ಅದು. ಈ ಪರೀಕ್ಷೆಗೆ ಆರಿಸಿಕೊಂಡ ಉಪಕರಣವಾದರೂ ಯಾವುದು? ‘ನೀನು ಹೋಗಕೂಡದು’ ಎಂಬ, ಯಾವ ಮನೆಯಲ್ಲಿಯೂ ದಿನನಿತ್ಯ ಕೇಳಿಬರುವ ಗಂಡನ ಆಜ್ಞೆ. ಬಂಗಲೆಯಲ್ಲಿ ಕೂಡಿಹಾಕಲ್ಪಟ್ಟ ನರ್ತಕಿಗೂ ಬಾಗಿಲಲ್ಲಿ ತಡೆಯಲ್ಪಟ್ಟ ಗೃಹಿಣಿಗೂ ನಡುವೆ ಸೇತುವೆ ಕಟ್ಟುವುದು ಈ ಒಂದು ವಾಕ್ಯ. ಕಥೆ ಬರೆದವರಿಗೆ ಇದು ಗೊತ್ತಿತ್ತು. ಕಥೆಯೊಳಗಿನ ವೈದ್ಯನಿಗೆ ಗೊತ್ತಿಲ್ಲ. ಅವನು ಆಜ್ಞೆಗೆ ಬಂದ ಪ್ರತಿಕ್ರಿಯೆಯನ್ನು ಮಾತ್ರ ಗುರುತು ಹಾಕಿಕೊಳ್ಳುತ್ತಾನೆ, ಆಜ್ಞೆಯನ್ನಲ್ಲ.

ಭಾಷೆಯ ವಿಚಾರವೂ ಇಲ್ಲಿದೆ. ಮಲಯಾಳಂ ಚಿತ್ರದ ನಾಗವಲ್ಲಿ ತಮಿಳು ಆಡುತ್ತಾಳೆ, ಕನ್ನಡದ ನಾಗವಲ್ಲಿ ತೆಲುಗಿನವಳು, ವಾಸು ಅವರೇ ತಮಿಳಿನಲ್ಲಿ ಮಾಡಿದ ‘ಚಂದ್ರಮುಖಿ’ಯಲ್ಲಿಯೂ (2005) ಅವಳದು ತೆಲುಗು, ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ (2007) ಬಂಗಾಳಿ. ಪ್ರತಿಯೊಂದು ಭಾಷೆಯೂ ತನ್ನ ಮನೆಯ ಹೆಣ್ಣಿನ ಸಿಟ್ಟಿಗೆ ನೆರೆಯವರ ನಾಲಗೆಯನ್ನು ಎರವಲು ತಂದಿದೆ. ಗಂಗೆ ಕನ್ನಡದಲ್ಲಿ ಹೇಳಲಾಗದ್ದನ್ನು ನಾಗವಲ್ಲಿ ತೆಲುಗಿನಲ್ಲಿ ಹೇಳುವುದರಿಂದ ಆ ಸಿಟ್ಟು ಈ ಮನೆಯದಲ್ಲವೆಂಬ ಸಮಾಧಾನ ಪ್ರೇಕ್ಷಕನಿಗೆ ಸಿಗುತ್ತದೆ. ತೆಲುಗಿನ ದೊಡ್ಡ ತಾರೆಯಾಗಿದ್ದ ಕನ್ನಡದ ಹುಡುಗಿಯೇ ಈ ಪಾತ್ರಕ್ಕೆ ಬಂದದ್ದು ಆ ಸಮಾಧಾನವನ್ನು ತುಸು ಅಲುಗಿಸಿತು.

3

ವಾಮಂಜೂರಿನ ನಮ್ಮ ಮನೆಯಲ್ಲಿ ದೂರದರ್ಶನದ ವಾಹಿನಿಯೊಂದರಲ್ಲಿ ಈ ಚಿತ್ರ ಬಂದಾಗ ಹಿರಿಯ ಹೆಂಗಸೊಬ್ಬರು ತುಳುವಿನಲ್ಲಿ ಆಡಿದ ಮಾತೊಂದನ್ನು ಇಲ್ಲಿ ಉಲ್ಲೇಖಿಸಬಹುದು. ಇಷ್ಟೆಲ್ಲ ಯಾಕೆ, ಅವಳಿಗೊಂದು ಜಾಗ ಕೊಟ್ಟಿದ್ದರೆ ಸಾಕಿತ್ತಲ್ಲ ಎಂಬುದು ಅದರ ಅರ್ಥ. ನಗುವಂತೆ ಕೇಳುವ ಈ ಮಾತಿನ ಹಿಂದೆ ಒಂದು ಇಡೀ ಪರಂಪರೆಯ ತರ್ಕವಿದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲು ಕಡಿಸಿದ ಅರಸನ ಮೇಲೆ ತಂಗಿ ಕಲ್ಲುರ್ಟಿ ಸೇಡು ತೀರಿಸಿಕೊಂಡ ಕಥೆಯನ್ನು ಪಾಡ್ದನಗಳು ಹೇಳುತ್ತವೆ. ಅಲ್ಲಿಯೂ ಕಲಾವಿದ, ಅರಸ, ಅನ್ಯಾಯ, ಹೆಣ್ಣಿನ ಸೇಡು. ಆದರೆ ಕಲ್ಲುರ್ಟಿಯನ್ನು ಯಾರೂ ಉಚ್ಚಾಟಿಸಲಿಲ್ಲ. ಅವಳು ದೈವವಾದಳು, ಅವಳಿಗೆ ಸ್ಥಾನವಾಯಿತು, ಕೋಲವಾಯಿತು.

ಹೋಲಿಕೆಗೆ ಇನ್ನೂ ಹತ್ತಿರದ್ದು ಸಿರಿ ಜಾತ್ರೆ. ಕವತ್ತಾರು, ಹಿರಿಯಡ್ಕ, ನಂದಳಿಕೆ ಮೊದಲಾದ ಆಲಡೆಗಳಲ್ಲಿ ಹೆಂಗಸರು ಹಿಂಗಾರ ಹಿಡಿದು ಸಾಲಾಗಿ ನಿಂತು ಆವೇಶಗೊಳ್ಳುತ್ತಾರೆ. ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಇವರಲ್ಲಿ ಒಬ್ಬರು ಅವರ ಮೈಮೇಲೆ ಬರುತ್ತಾರೆ. ಸಿರಿಯ ಮಗನಾದ ಕುಮಾರನ ಪಾತ್ರಿ ಅವರನ್ನು ಮಾತನಾಡಿಸುತ್ತಾನೆ: ನೀನು ಯಾರು, ಯಾಕೆ ಬಂದೆ, ಏನು ಬೇಕು. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಇವರ ಸಹಯೋಗದಲ್ಲಿ ದಾಖಲಿಸಿದ್ದು, 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಗಿದೆ. ಅದರ ನಾಯಕಿ ಸಿರಿ, ಗಂಡ ಕಾಂತು ಪೂಂಜ ತನಗೆಂದು ತಂದ ಬಯಕೆಯ ಸೀರೆಯನ್ನು ಮೊದಲು ಸೂಳೆ ಸಿದ್ದು ಉಟ್ಟಿದ್ದಳೆಂದು ತಿಳಿದು ಅದನ್ನು ನಿರಾಕರಿಸುತ್ತಾಳೆ. ಮುಂದೆ ಆ ದಾಂಪತ್ಯವನ್ನೇ ಕಡಿದುಕೊಂಡು ಹೊರಡುತ್ತಾಳೆ. ಕಾವೇರಿಗೆ ಕಂಡದ್ದೇ ಸಿರಿಗೂ ಕಂಡದ್ದು. ಒಬ್ಬಳನ್ನು ಆಸ್ಪತ್ರೆಗೆ ಸೇರಿಸಲಾಯಿತು. ಇನ್ನೊಬ್ಬಳ ಹೆಸರಿನಲ್ಲಿ ವರ್ಷಕ್ಕೊಮ್ಮೆ ನೂರಾರು ಹೆಂಗಸರು ಬಾಯಿ ತೆರೆಯುತ್ತಾರೆ.

ಇದನ್ನು ಹೇಳುವಾಗ ಎರಡು ಎಚ್ಚರಗಳು ಅಗತ್ಯ. ಸಿರಿ ಜಾತ್ರೆಯನ್ನು ಸ್ತ್ರೀ ಸ್ವಾತಂತ್ರ್ಯದ ವೇದಿಕೆಯೆಂದು ಕೊಂಡಾಡುವುದು ಸುಲಭ, ಹಾಗೆ ಬರೆದವರೂ ಇದ್ದಾರೆ. ಅಲ್ಲಿ ಪ್ರಶ್ನೆ ಕೇಳುವವನು ಗಂಡಸು. ಆವೇಶಕ್ಕೆ ಹೆಸರಿಟ್ಟು, ಹದ್ದುಬಸ್ತಿಗೆ ತಂದು, ಹೆಣ್ಣನ್ನು ಮರಳಿ ಮನೆಗೆ ಕಳಿಸುವುದೂ ಆ ವಿಧಿಯ ಕೆಲಸವೇ. ಮತ್ತೊಂದು, ಮನೋವೈದ್ಯಕ್ಕೆ ಆಚರಣೆ ಪರ್ಯಾಯವೆಂದು ವಾದಿಸುವುದು ಇಲ್ಲಿಯ ಉದ್ದೇಶವಲ್ಲ. ಬಾಣಂತಿಯ ಉನ್ಮಾದಕ್ಕೆ ಚಿಕಿತ್ಸೆ ಬೇಕು, ಅದು ತಡವಾಗಬಾರದು. ಪ್ರಶ್ನೆ ಇರುವುದು ಚಿಕಿತ್ಸೆಯ ಬಗ್ಗೆ ಅಲ್ಲ, ಆಲಿಸುವಿಕೆಯ ಬಗ್ಗೆ.

‘ಆಪ್ತಮಿತ್ರ’ದ ಕೊನೆಯ ಭಾಗವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅಚ್ಚರಿಯ ಸಂಗತಿಯೊಂದು ಹೊಳೆಯುತ್ತದೆ. ವೈದ್ಯ ಕಡೆಗೆ ಆಶ್ರಯಿಸುವುದು ಔಷಧಿಯನ್ನಲ್ಲ, ಒಂದು ಪ್ರದರ್ಶನವನ್ನು. ತಾನೇ ರಾಜನ ಸ್ಥಾನದಲ್ಲಿ ನಿಂತು, ಆಚಾರ್ಯನ ನೆರವಿನಿಂದ ನಾಗವಲ್ಲಿಗೆ ಸೇಡಿನ ಅವಕಾಶ ಮಾಡಿಕೊಡುತ್ತಾನೆ. ಕೊನೆಯ ಗಳಿಗೆಯಲ್ಲಿ ವೈದ್ಯನ ಜಾಗಕ್ಕೆ ಬೊಂಬೆ ಬರುತ್ತದೆ, ಉರಿಯುವುದು ಬೊಂಬೆ. ರೂಪದಲ್ಲಿ ಇದು ಆಲಡೆಯ ವಿಧಿಗೆ ತೀರ ಹತ್ತಿರದ್ದು: ಬಂದವಳನ್ನು ಹೆಸರು ಹಿಡಿದು ಕರೆದು, ಬೇಕಾದದ್ದನ್ನು ಕೇಳಿ, ಕೊಟ್ಟು ಕಳಿಸುವುದು. ವ್ಯತ್ಯಾಸವಿರುವುದು ನಂಬಿಕೆಯ ನೆಲೆಯಲ್ಲಿ. ಕುಮಾರನ ಪಾತ್ರಿಗೆ ಎದುರಿಗಿರುವವಳು ಸಿರಿಯೇ. ಅವನು ಕೊಟ್ಟ ಮಾತು ಮುಂದಿನ ವರ್ಷಕ್ಕೂ ಸಲ್ಲಬೇಕು. ವೈದ್ಯನಿಗೆ ಎದುರಿಗಿರುವವಳು ರೋಗಿ. ಅವನು ಕೊಟ್ಟದ್ದು ಬೊಂಬೆ, ಅದೂ ಒಂದೇ ಸಲ. ನಾಗವಲ್ಲಿಗೆ ನ್ಯಾಯ ಸಿಕ್ಕಿತೆಂದು ನಾಗವಲ್ಲಿಯೊಬ್ಬಳು ನಂಬಿದರೆ ಸಾಕಾಗಿದೆ. ಎಚ್ಚರಗೊಂಡ ಗಂಗೆಗೆ ಬಾಗಿಲಲ್ಲಿ ತಡೆದದ್ದರ ನೆನಪೂ ಉಳಿಯುವುದಿಲ್ಲ.

‘ಕಾಂತಾರ’ (2022) ಬಂದ ಮೇಲೆ ಕನ್ನಡ ಪ್ರೇಕ್ಷಕ ದೈವದ ಆವೇಶವನ್ನು ಗೌರವದಿಂದ ನೋಡಲು ಕಲಿತನೆಂಬ ಮಾತು ಕೇಳಿಬರುತ್ತಿದೆ. ಪಂಜುರ್ಲಿ, ಗುಳಿಗ ಬಂದದ್ದು ಗಂಡಸಿನ ಮೈಮೇಲೆ. ಆ ನುಡಿಗೆ ಊರೂ ಅರಸನೂ ತಲೆಬಾಗಲೇಬೇಕು. ಸಿರಿ ಜಾತ್ರೆಯ ಹೆಂಗಸರ ಸಾಲು ಇಂಥ ಜನಪ್ರಿಯತೆಯ ತೆರೆಗೆ ಇನ್ನೂ ಬಂದಿಲ್ಲ.

ನಾಗವಲ್ಲಿಯ ಮಟ್ಟಿಗೆ, ಬೊಂಬೆಯ ದಹನ ಸಾಕಾಗಲಿಲ್ಲವೆಂಬುದನ್ನು ಉದ್ಯಮವೇ ಒಪ್ಪಿಕೊಂಡಂತಿದೆ. ವಿಷ್ಣುವರ್ಧನ್ ನಿಧನರಾದ ಮೇಲೆ 2010ರಲ್ಲಿ ತೆರೆಕಂಡ ‘ಆಪ್ತರಕ್ಷಕ’ದಲ್ಲಿ ಅವಳ ಚಿತ್ರಪಟ ಇನ್ನೊಂದು ಮನೆಯನ್ನು ಸೇರುತ್ತದೆ, ಆ ಮನೆಯಲ್ಲಿಯೂ ಅವಳು ಏಳುತ್ತಾಳೆ. ಈ ಸಲ ವೈದ್ಯ ಬೊಂಬೆಯ ಬದಲು ರಾಜನನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಆ ರಾಜ ಇನ್ನೂ ಬದುಕಿದ್ದಾನೆ.