ಕಣ್ಣಿನ ಬಿಳಿ ನೋಡಿರಿ

ಅಕ್ಕಲಕೋಟ ತಾಲೂಕಿನ ನಮ್ಮ ಊರಿನ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಗಂಡನಿಗೆ ಟಿಬಿ ಆಯಿತು. ಟಿಬಿ ಅಂದರೆ ಕ್ಷಯರೋಗ. ಸರಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಕೊಟ್ಟರು. ಮರುದಿನವೇ ಅಕ್ಕ ಓಡುತ್ತ ಬಂದರು.

"ಸರ, ನಮ್ಮ ಮನಿಯವರಿಗೆ ಉಚ್ಚಿ ರಗತದಂಗ ಕೆಂಪ ಆಗ್ಯಾದ. ಇನ್ನ ಗುಳಿಗಿ ನುಂಗಂಗಿಲ್ಲ ಅಂತಾರ."

ನಾನೂ ಗಾಬರಿಯಾದೆ. ಬಿ.ಎ. ಓದಿದರೇನು, ಇದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಆಶಾ ತಾಯಿಯ ಮನೆಗೆ ಹೋದೆವು. "ಅದು ರಗತ ಅಲ್ರಿ, ಗುಳಿಗಿ ಬಣ್ಣ" ಎಂದು ಅವರು ನಕ್ಕರು.

ಟಿಬಿ ಗುಳಿಗೆಯಲ್ಲಿ ರಿಫಾಂಪಿಸಿನ್ ಎಂಬ ಔಷಧ ಇರುತ್ತದೆ. ಅದರ ಬಣ್ಣವೇ ಕೆಂಪು. ಅದನ್ನು ನುಂಗಿದರೆ ಉಚ್ಚೆ, ಬೆವರು, ಕಣ್ಣೀರು ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಬಿಳಿ ಅಂಗಿಗೆ ಕಲೆ ಬೀಳಬಹುದು. ಮೈಗೆ ಕೆಡುಕಿಲ್ಲ. ಈ ಮಾತನ್ನು ಗುಳಿಗೆ ಕೊಡುವಾಗಲೇ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಔಷಧ ಸಾಮಾನ್ಯವಾಗಿ 6 ತಿಂಗಳು. ಮೊದಲ 2 ತಿಂಗಳು 4 ಔಷಧ, ಮುಂದಿನ 4 ತಿಂಗಳು 3 ಔಷಧ. ಹಿಂದೆ ವಾರಕ್ಕೆ 3 ದಿನ ಕೊಡುತ್ತಿದ್ದರು. 2017ರಿಂದ ದಿನಾಲೂ ನುಂಗುವ ಪದ್ಧತಿ ದೇಶದ ತುಂಬ ಬಂತು. ನಡುವೆ ನಾವೇ ಬಿಟ್ಟರೆ ರೋಗಾಣು ಪೂರ್ತಿ ಸಾಯುವುದಿಲ್ಲ. ಮುಂದೆ ಅದೇ ಗುಳಿಗೆ ಅದಕ್ಕೆ ನಾಟದೇ ಹೋಗಬಹುದು.

ಅಕ್ಕನ ಗಂಡ ಮತ್ತೆ ಗುಳಿಗೆ ಶುರುಮಾಡಿದರು. ಕೀಲು ನೋವು ಬಂತು, ಹೊಟ್ಟೆ ತೊಳಸಿತು. ಆಶಾ ತಾಯಿಗೆ ಹೇಳಿದರು, ದವಾಖಾನೆಯಲ್ಲಿ ಅದಕ್ಕೂ ಔಷಧ ಕೊಟ್ಟರು. ಕೆಲವರಿಗೆ ಕೈಕಾಲು ಜುಮುಜುಮು ಅನ್ನುತ್ತವೆ. ಅದಕ್ಕೆ ಬಿ6 ಗುಳಿಗೆ ಇದೆ.

ಎರಡನೇ ತಿಂಗಳಲ್ಲಿ ಅವರಿಗೆ ಊಟ ಸೇರಲಿಲ್ಲ. ವಾಂತಿ, ಸುಸ್ತು. "ಗುಳಿಗಿ ಉಷ್ಣ ಅದ, ಹೋಗ್ತದ ಬಿಡು" ಎಂದು ಮಲಗಿದರು. ಉಚ್ಚೆ ಇನ್ನೂ ಕಪ್ಪಾಗಿತ್ತು. ಮೊದಲೇ ಕೆಂಪಿತ್ತಲ್ಲ, ಯಾರಿಗೂ ಸಂಶಯ ಬರಲಿಲ್ಲ. ಒಂದು ಮುಂಜಾನೆ ಅಕ್ಕ ಗಂಡನನ್ನು ಅಂಗಳದ ಬಿಸಿಲಿಗೆ ಕರೆದು ಕಣ್ಣು ನೋಡಿದರು. ಕಣ್ಣಿನ ಬಿಳಿ ಅರಿಸಿನದಂತೆ ಹಳದಿಯಾಗಿತ್ತು. ಅದು ಕಾಮಣಿ. ಗುಳಿಗೆ ಲಿವರಿಗೆ ಪೆಟ್ಟು ಕೊಟ್ಟಿತ್ತು.

ನೆರೆಯವರು "ಎಲಿ ರಸ ಕುಡಸ್ರಿ" ಎಂದರು. ಅಕ್ಕ ಕೇಳಲಿಲ್ಲ. ಆ ದಿನದ ಗುಳಿಗೆ ನುಂಗಿಸದೆ, ಗುಳಿಗೆ ಪಾಕೀಟು ಹಿಡಿದುಕೊಂಡು ಗಂಡನನ್ನು ದವಾಖಾನೆಗೆ ಕರೆದೊಯ್ದರು. ಡಾಕ್ಟರು ರಕ್ತ ತಪಾಸಣೆ ಮಾಡಿಸಿ ಗುಳಿಗೆ ನಿಲ್ಲಿಸಿದರು. ಸಂಜೆಗೆ ಸ್ವಲ್ಪ ಸೆರೆ ಕುಡಿಯುತ್ತಿದ್ದುದು ಆಗ ಹೊರಗೆ ಬಂತು. ಸೆರೆ ಕುಡಿಯುವವರ ಲಿವರಿಗೆ ಈ ಅಪಾಯ ಹೆಚ್ಚು. ಲಿವರ್ ಸುಧಾರಿಸಿದ ಮೇಲೆ ಡಾಕ್ಟರೇ ಒಂದೊಂದಾಗಿ ಔಷಧ ಮತ್ತೆ ಶುರುಮಾಡಿದರು. ತಡವಾಯಿತು, ಆದರೆ ಔಷಧ ಮುಗಿಯಿತು. ಈಗ ಅವರು ಹೊಲಕ್ಕೆ ಹೋಗುತ್ತಾರೆ.

ಕಣ್ಣಿನ ಇನ್ನೊಂದು ಮಾತು. ಇಥಾಂಬುಟಾಲ್ ಎಂಬ ಔಷಧದಿಂದ ಕೆಲವರಿಗೆ ದೃಷ್ಟಿ ಮಂಜಾಗುತ್ತದೆ. ಹಸಿರು ಮೆಣಸಿನಕಾಯಿ ಯಾವುದು, ಕೆಂಪು ಯಾವುದು ಎಂದು ತಿಳಿಯದೇ ಹೋಗಬಹುದು. ಹಾಗಾದರೆ ಅವತ್ತೇ ದವಾಖಾನೆಗೆ ಹೋಗಿರಿ. ಬೇಗ ಹೋದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮೈತುಂಬ ಗುಳ್ಳೆ ಎದ್ದರೂ ತಡಮಾಡಬೇಡಿರಿ.

ಮಕ್ಕಳಾಗದಂತೆ ಗುಳಿಗೆ ನುಂಗುವ ಹೆಣ್ಣುಮಕ್ಕಳು ಅದನ್ನು ನಾಚದೆ ಹೇಳಬೇಕು. ರಿಫಾಂಪಿಸಿನ್ ಆ ಗುಳಿಗೆಯ ಶಕ್ತಿ ಕಡಿಮೆ ಮಾಡುತ್ತದೆ.

ನಮ್ಮ ಕಡೆ ಡಾಕ್ಟರು ಹೆಚ್ಚಾಗಿ ಮರಾಠಿ ಮಾತಾಡುತ್ತಾರೆ. ಅಕ್ಕ ಅವತ್ತು ಬಾಯಿ ಬಾರದೆ ಗಂಡನ ಕಣ್ಣನ್ನೇ ಬೆರಳಿನಿಂದ ತೋರಿಸಿದರಂತೆ. ಅದಕ್ಕೇ ಈ ಮಾತುಗಳನ್ನು ಕೂಡಿ ಓದೋಣ.

ಡೋಳೆ ಪಿವಳೆ ಝಾಲೆ – ಕಣ್ಣು ಹಳದಿಯಾಗಿವೆ.
ಅಂಧುಕ ದಿಸತಂ – ಮಂಜು ಕಾಣುತ್ತದೆ.
ಮುಂಗ್ಯಾ ಯೇತಾತ – ಕೈಕಾಲು ಜುಮುಜುಮು ಅನ್ನುತ್ತವೆ.

ನಿಮ್ಮ ಪಾಟಿಯಲ್ಲಿ ಬರೆಯಿರಿ: ಅಕ್ಕ ದವಾಖಾನೆಗೆ ಹೋಗುವಾಗ ಕೈಯಲ್ಲಿ ಏನು ಹಿಡಿದಿದ್ದರು?