ಕಾಂತಕ್ಕಿಂತ ಮೊದಲು ಮಾದರಿ ನೋಡಿ

ಹರದನಹಳ್ಳಿ, ಗುಂಡ್ಲುಪೇಟೆ ಕಡೆಯಿಂದ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಎನ್.ಎಂ.ಆರ್. (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಕಲಿಯಲು ಹೊರಟಿದ್ದೀರಲ್ಲ, ಒಳ್ಳೆಯದಾಗಲಿ. ಹಳ್ಳಿ ಮಕ್ಕಳಿಗೆ ಇದು ದೂರದ ವಿದ್ಯೆ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದೇ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಅನಿಲ್ ಕುಮಾರ್ ಅವರೇ 1980ರಲ್ಲಿ ವಿಜ್ಞಾನಿಗಳಾದ ಅರ್ನ್ಸ್ಟ್, ವ್ಯೂಟ್ರಿಕ್ ಜೊತೆ ಸೇರಿ ಪ್ರೋಟೀನುಗಳ ಎನ್.ಎಂ.ಆರ್.ಗೆ ದಾರಿ ಹಾಕಿಕೊಟ್ಟವರು.

ನೀವು ಹಿಡಿಯಬೇಕೆಂದಿರುವ ಪ್ರೋಟಿಯೊರೊಡಾಪ್ಸಿನ್ ಎಂಬ ಪ್ರೋಟೀನು ಕಡಲ ಬ್ಯಾಕ್ಟೀರಿಯಾದ್ದು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಿಂದ ತೆಗೆದ ಡಿ.ಎನ್.ಎ.ಯಲ್ಲಿ ಅದರ ಸುಳಿವು ಸಿಕ್ಕಿದ್ದು 2000ದಲ್ಲಿ ಪ್ರಕಟವಾಯಿತು. ಅದರ ಹೊಟ್ಟೆಯಲ್ಲಿರುವ ರೆಟಿನಲ್ ನಮ್ಮ ಕಣ್ಣಲ್ಲೂ ಇದೆ, ಅದರ ಮೂಲ ವಿಟಮಿನ್ ಎ. ನುಗ್ಗೆಸೊಪ್ಪು ತಿನ್ನಿ ಅಂತ ಹೇಳುವುದು ಸುಮ್ಮನೆ ಅಲ್ಲ! ಬೆಳಕು ಬಿದ್ದೊಡನೆ ಈ ರೆಟಿನಲ್ ಆಕಾರ ಬದಲಿಸುತ್ತದೆ, ಪ್ರೋಟೀನು ಒಂದು ಪ್ರೋಟಾನನ್ನು ಜೀವಕೋಶದ ಪೊರೆಯಾಚೆ ದಬ್ಬುತ್ತದೆ. ಪೊರೆಯಲ್ಲಿ ಕೂತ ಹಾಗೇ ಅದನ್ನು ನೋಡಲು ಘನಸ್ಥಿತಿ ಎನ್.ಎಂ.ಆರ್. ಅನುಕೂಲ.

ನಿಮ್ಮಲ್ಲಿ ನಾನು ಕಾಣುವ ದೋಷ ಒಂದೇ. ಎಲ್ಲರ ಕಣ್ಣೂ ಯಂತ್ರದ ದೊಡ್ಡ ಕಾಂತದ ಮೇಲೆ, ಮಾದರಿಯ ಮೇಲೆ ಯಾರ ಕಣ್ಣೂ ಇಲ್ಲ. ಬೇವು ಬಿತ್ತಿ ಮಾವು ಬೆಳೆಯಲಾದೀತೆ? ಪ್ರೋಟೀನು ತಯಾರಿಸಿಕೊಡುವ ಇ. ಕೋಲಿ ಬ್ಯಾಕ್ಟೀರಿಯಾ ರೆಟಿನಲನ್ನು ತಾನೇ ಮಾಡಿಕೊಳ್ಳದು, ನೀವೇ ಹಾಕಬೇಕು. ರೆಟಿನಲ್ ಸೀಸೆಯನ್ನು ಟ್ಯೂಬ್‌ಲೈಟಿನ ಕೆಳಗೆ ತೆರೆದಿಟ್ಟು ಟೀ ಕುಡಿಯಲು ಹೋಗಬೇಡಿ. ಬೆಳಕಿಗೂ ಗಾಳಿಗೂ ಅದು ಕೆಡುತ್ತದೆ. ಫಾಯಿಲ್ ಸುತ್ತಿ ತಣ್ಣಗಿಡಿ.

ಇನ್ನು ಖರ್ಚಿನ ಮಾತು. ಎನ್.ಎಂ.ಆರ್.ಗೆ ಕಾಣುವ ಕಾರ್ಬನ್-13 ಸಹಜವಾಗಿ ನೂರಕ್ಕೆ ಒಂದರಷ್ಟೇ. ಅದಕ್ಕೇ ಬ್ಯಾಕ್ಟೀರಿಯಾಕ್ಕೆ ಕಾರ್ಬನ್-13 ತುಂಬಿದ ದುಬಾರಿ ಗ್ಲೂಕೋಸ್ ಉಣಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಿ: ಮೊದಲು ಸಾದಾ ಗ್ಲೂಕೋಸಿನಲ್ಲಿ ಸಣ್ಣ ಫ್ಲಾಸ್ಕಿನಲ್ಲಿ ಬೆಳೆಸಿ. ಜೀವಕೋಶಗಳು ಕೆಂಪಗಾದರೆ ರೆಟಿನಲ್ ಸರಿಯಾಗಿ ಕೂತಿದೆ ಅಂತ ಅರ್ಥ. ಬಣ್ಣ ಬಾರದಿದ್ದರೆ ದುಬಾರಿ ಡಬ್ಬಿಯ ಮುಚ್ಚಳ ತೆಗೆಯಲೇಬೇಡಿ.

ಮಾದರಿ ಹಿಡಿಯುವ ಪುಟ್ಟ ಕೊಳವೆಯನ್ನು, ಅಂದರೆ ರೋಟರನ್ನು, ತುಂಬುವಾಗ ಗಡಿಬಿಡಿ ಬೇಡ. 54.7 ಡಿಗ್ರಿ ಓರೆಯಲ್ಲಿ ಅದು ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತುಂಬಿದರೆ, ಮುಚ್ಚಳ ಸಡಿಲಾದರೆ, ತಿಂಗಳ ದುಡಿಮೆ ಪುಡಿಯಾದೀತು. ವೇಗವನ್ನು ಮೆಲ್ಲಗೆ ಏರಿಸಿ. ತಿರುಗುವ ತಿಕ್ಕಾಟಕ್ಕೆ ಮಾದರಿ ಬಿಸಿಯಾಗುತ್ತದೆ, ತಂಪು ಅನಿಲ ಮೊದಲೇ ಹಾಯಿಸಿ. ಬೆಳಕು ಹಾಯಿಸುವ ಆಸೆ ಎಷ್ಟಿದ್ದರೂ ಕತ್ತಲಲ್ಲಿಟ್ಟ ಮಾದರಿಯ ರೋಹಿತ ಮೊದಲು ತೆಗೆದಿಡಿ, ಇಲ್ಲದಿದ್ದರೆ ಬದಲಾದದ್ದು ಏನು ಅಂತ ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?

ಬೀಗದ ಕೈ, ಎಟಿಎಂ ಕಾರ್ಡು, ತಲೆಯ ಪಿನ್ನು ಕಾಂತದ ಕೋಣೆಯ ಬಾಗಿಲ ಹೊರಗೇ ಬಿಡಿ. ಊರಿಂದ ಬಂದ ತಾತನಿಗೆ ಯಂತ್ರ ತೋರಿಸುವ ಹಿಗ್ಗಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಕ್ಯಾಂಟೀನಿನಲ್ಲೇ ಕೂರಿಸಿ ಕಾಫಿ ಕೊಡಿಸಿ.