ವಜ್ರಸದೃಶ ಲೇಪಗಳು

ವಜ್ರವೂ ಗ್ರಾಫೈಟೂ ಇಂಗಾಲವೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ವಜ್ರದಲ್ಲಿ ಒಂದೊಂದು ಪರಮಾಣುವೂ ನಾಲ್ಕು ನೆರೆಯ ಪರಮಾಣುಗಳೊಡನೆ ಬಿಗಿಯಾಗಿ ಬಂಧಿತವಾಗಿದೆ. ಗ್ರಾಫೈಟಿನಲ್ಲಿ ಮೂರರೊಡನೆ ಮಾತ್ರ ಕೂಡಿ ಹಾಳೆಗಳಾಗಿ ಹರಡಿಕೊಂಡಿದೆ. ಈ ಹಾಳೆಗಳು ಜಾರುವುದರಿಂದಲೇ ಪೆನ್ಸಿಲು ಬರೆಯುತ್ತದೆ. ಈ ಎರಡು ಬಗೆಯ ಬಂಧಗಳೂ ಕ್ರಮವಿಲ್ಲದೆ ಬೆರೆತ, ಸ್ಫಟಿಕರೂಪವಿಲ್ಲದ ಇಂಗಾಲವೂ ಒಂದುಂಟು. ವಜ್ರಸದೃಶ ಇಂಗಾಲವೆಂದು ಅದರ ಹೆಸರು. ಹೆಸರನ್ನು ಕೇಳಿ ಥಳಥಳಿಸುವ ಹೊಳಪನ್ನು ನಿರೀಕ್ಷಿಸಿದವರಿಗೆ ನಿರಾಶೆಯೇ ಸರಿ. ಉಕ್ಕಿನ ಮೇಲೆ ಲೇಪಿಸಿದಾಗ ಅದು ಸಾಮಾನ್ಯವಾಗಿ ಕಪ್ಪಾಗಿಯೇ ಕಾಣುತ್ತದೆ.

1953ರಲ್ಲಿ ಜರ್ಮನಿಯ ಹೈನ್ಸ್ ಶ್ಮೆಲ್ಲೆನ್‌ಮೈಯರ್ ಅಸಿಟಿಲೀನ್ ಅನಿಲದಲ್ಲಿ ವಿದ್ಯುತ್ತನ್ನು ಹಾಯಿಸಿ ಇಂಥ ಗಡುಸಾದ ಕರಿಯ ಪೊರೆಯನ್ನು ಪಡೆದರು. 1971ರಲ್ಲಿ ಅಮೆರಿಕದ ಐಸೆನ್‌ಬರ್ಗ್ ಮತ್ತು ಚಾಬಟ್ ಅವರು ಇಂಗಾಲದ ಅಯಾನುಗಳ ಧಾರೆಯಿಂದ ಅದನ್ನು ತಯಾರಿಸಿ, ವಜ್ರಸದೃಶವೆಂದು ಕರೆದರು.

ಗಾಳಿಯನ್ನು ಹೊರಸೆಳೆದ ಕೋಶದಲ್ಲಿ ಈ ಕಾರ್ಯ ನಡೆಯುತ್ತದೆ. ಅಯಾನುಗಳು ವಸ್ತುವಿನ ಮೇಲೆ ಹಿಮದಂತೆ ಮೆಲ್ಲನೆ ಇಳಿಯುವುದಿಲ್ಲ. ವೋಲ್ಟೇಜಿನ ಸೆಳೆತಕ್ಕೆ ಸಿಕ್ಕಿ ರಭಸದಿಂದ ಬಡಿಯುತ್ತವೆ. ಮೇಲ್ಮೈಯ ಕೆಳಗೆ ನುಗ್ಗಿ, ಅಲ್ಲಿರುವ ಪರಮಾಣುಗಳನ್ನು ಒತ್ತರಿಸಿ ತಾವೂ ಸೇರಿಕೊಳ್ಳುತ್ತವೆ. ಈ ಇಕ್ಕಟ್ಟಿನಲ್ಲಿಯೇ ವಜ್ರದ ಬಗೆಯ ಬಂಧಗಳು ಹುಟ್ಟುವುದು. ಆದರೆ ಗಡಸುತನವನ್ನು ಕೊಟ್ಟ ಇಕ್ಕಟ್ಟೇ ಪೊರೆಗೆ ಶತ್ರುವೂ ಆಗುತ್ತದೆ. ಒಳಗೆ ಒತ್ತಡವನ್ನು ತುಂಬಿಕೊಂಡ ಪೊರೆ ಹಿಗ್ಗಲೆಳಸುತ್ತದೆ. ದಪ್ಪ ಹೆಚ್ಚಿದರೆ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆಯೆದ್ದು ಉದುರುತ್ತದೆ. ಆದಕಾರಣ ಲೇಪದ ದಪ್ಪ ಸಾಮಾನ್ಯವಾಗಿ ಕೆಲವೇ ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಹಾಗಾದರೆ ಪೊರೆಯ ಆಯುಸ್ಸು ಅದರ ಗಡಸುತನಕ್ಕಿಂತ ಹೆಚ್ಚಾಗಿ ಅಡಿಯ ವಸ್ತುವನ್ನು ಅವಲಂಬಿಸಿದೆಯೆನ್ನಬೇಕು. ಸಿಲಿಕಾನಿನೊಡನೆ ಇಂಗಾಲ ತಾನಾಗಿಯೇ ಬೆಸೆದುಕೊಳ್ಳುತ್ತದೆ. ಉಕ್ಕಿಗೆ ಅದು ಚೆನ್ನಾಗಿ ಅಂಟದು. ನಡುವೆ ಕ್ರೋಮಿಯಂ ಅಥವಾ ಟೈಟೇನಿಯಂ ಲೋಹದ ಪದರವೊಂದು ಬೇಕು. ಆದರೂ ಉಕ್ಕಿಗೆ ಒಂದು ಅನುಕೂಲವುಂಟು. ನಿಜವಾದ ವಜ್ರದ ಪೊರೆಯನ್ನು ಬೆಳೆಸಲು ಸಾಮಾನ್ಯವಾಗಿ 700 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಉಷ್ಣತೆ ಬೇಕು. ಆ ಕಾವಿಗೆ ಉಕ್ಕಿನ ಹದ ಕೆಟ್ಟುಹೋಗುತ್ತದೆ. ವಜ್ರಸದೃಶ ಲೇಪಕ್ಕೆ 200 ಡಿಗ್ರಿಯೊಳಗಿನ ಉಷ್ಣತೆಯೂ ಸಾಕು. ಡೀಸೆಲ್ ಎಂಜಿನ್ನಿನಲ್ಲಿ ಇಂಧನವನ್ನು ಚಿಮ್ಮಿಸುವ ಭಾಗಗಳಿಗೂ ಕ್ಷೌರದ ಬ್ಲೇಡಿಗೂ ಈ ಲೇಪ ಒದಗಿದ್ದು ಹೀಗೆ. ಅವುಗಳ ಸವೆತವೂ ಘರ್ಷಣೆಯೂ ಇದರಿಂದ ತಗ್ಗುತ್ತವೆ. ಮೆದುವಾದ ಪ್ಲಾಸ್ಟಿಕ್ಕಿನ ಮೇಲಾದರೋ ಗಡಸು ಪೊರೆ ಹಾಸಿಗೆಯ ಮೇಲಿಟ್ಟ ಗಾಜಿನ ಹಾಳೆಯಂತೆ: ಅಡಿ ಕುಸಿದರೆ ಮೇಲೆ ಬಿರುಕು. ಪಾನೀಯದ ಪ್ಲಾಸ್ಟಿಕ್ ಸೀಸೆಗಳ ಒಳಮೈಗೂ ಇದನ್ನು ಲೇಪಿಸುವುದುಂಟು. ಅಲ್ಲಿ ಬೇಕಾದದ್ದು ಗಡಸುತನವಲ್ಲ, ಆಮ್ಲಜನಕ ಒಳನುಸುಳದಂತೆ ತಡೆಯುವ ಗುಣ.

ಮನುಷ್ಯದೇಹದಲ್ಲಿ ನಡೆದ ಪರೀಕ್ಷೆ ಕಠಿಣವಾದದ್ದು. 1993ರಿಂದ 1995ರವರೆಗೆ ಯೂರೋಪಿನಲ್ಲಿ ನೂರರಷ್ಟು ರೋಗಿಗಳಿಗೆ, ಟೈಟೇನಿಯಂ ಮಿಶ್ರಲೋಹದ ಗುಂಡಿಗೆ ಈ ಲೇಪವನ್ನಿತ್ತ ಕೃತಕ ಸೊಂಟದ ಕೀಲುಗಳನ್ನು ಜೋಡಿಸಿದರು. ಮೊದಲ ಒಂದೂವರೆ ವರ್ಷ ಯಾವ ತೊಂದರೆಯೂ ಕಾಣಲಿಲ್ಲ. ಎಂಟೂವರೆ ವರ್ಷ ತುಂಬುವಷ್ಟರಲ್ಲಿ ಅವುಗಳಲ್ಲಿ ಶೇಕಡಾ 45ರಷ್ಟನ್ನು ತೆಗೆದು ಬೇರೆ ಹಾಕಬೇಕಾಯಿತು. ಸಾಮಾನ್ಯವಾದ ಸವೆತ ಇದಕ್ಕೆ ಕಾರಣವಾಗಿರಲಿಲ್ಲ. ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಮೂಲಕ ದೇಹದ ದ್ರವವು ಒಳಹೊಕ್ಕು, ಪೊರೆಯನ್ನು ಲೋಹಕ್ಕೆ ಹಿಡಿದಿಟ್ಟಿದ್ದ ನಡುವಣ ಪದರವನ್ನು ಮೆಲ್ಲಮೆಲ್ಲನೆ ತಿಂದುಹಾಕಿತ್ತು. ಮೇಲಿನ ಪೊರೆ ಚುಕ್ಕೆಚುಕ್ಕೆಯಾಗಿ ಕಳಚಿತ್ತು. ಕೆಲವು ವಾರ ಉಜ್ಜಿ ನೋಡುವ ಪ್ರಯೋಗಶಾಲೆಯ ಯಂತ್ರಕ್ಕೆ ಈ ದೋಷ ಸಿಕ್ಕುವಂಥದಲ್ಲ, ಏಕೆಂದರೆ ಆ ಪದರ ಕರಗಲು ವರ್ಷಗಳೇ ಹಿಡಿಯುತ್ತವೆ.